ಮೈಕೈ ನೋವಿನವರ ನಿದ್ದೆ: ಕೈಯ ವಾಚ್ ಹೇಳುವುದು ಎಷ್ಟು ನಿಜ?

ನಿದ್ದೆ ಅಳೆಯುವ ವಾಚ್‌ಗಳ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ತಿರುಗುತ್ತದೆ. 2024ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ವಾಚಿಗೆ, ಸೆಪ್ಟೆಂಬರಿನಲ್ಲಿ ಆ್ಯಪಲ್ ವಾಚಿಗೆ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆ್ಯಪ್ನಿಯಾದ ಲಕ್ಷಣ ಕಂಡರೆ ಎಚ್ಚರಿಸುವ ಸೌಲಭ್ಯ ಅದು. 2025ರ ಜುಲೈಯಲ್ಲಿ ಅದೇ ಎಫ್‌ಡಿಎ ವೂಪ್ ಎಂಬ ಕೈಪಟ್ಟಿಯ ಕಂಪನಿಗೆ ಎಚ್ಚರಿಕೆ ಪತ್ರ ಬರೆಯಿತು. ಅನುಮತಿ ಪಡೆಯದೆ ರಕ್ತದೊತ್ತಡದ ಅಂದಾಜು ಕೊಡುತ್ತಿದ್ದೀರಿ ಎಂಬುದು ಆಕ್ಷೇಪ. ಹಾಗಾದರೆ ಕೈಯಲ್ಲಿರುವುದು ವೈದ್ಯಕೀಯ ಸಾಧನವೋ, ಆಟದ ಸಾಮಾನೋ?

ಈ ಗೊಂದಲ ಹೆಚ್ಚು ಕಾಡುವುದು ವರ್ಷಗಟ್ಟಲೆ ನೋವು ತಿನ್ನುವವರನ್ನು. ಸೊಂಟನೋವು, ಮಂಡಿನೋವು, ಗಂಟುನೋವು ಇದ್ದವರಿಗೆ ಮೊದಲು ಕೈಕೊಡುವುದೇ ನಿದ್ದೆ. ಈಗ ಮಂಗಳೂರಿನ, ಉಡುಪಿಯ ಯಾವ ಮೊಬೈಲ್ ಅಂಗಡಿಗೆ ಹೋದರೂ ನಿದ್ದೆಗೆ ಮಾರ್ಕ್ಸ್ ಕೊಡುವ ಅಗ್ಗದ ವಾಚ್ ಸಿಗುತ್ತದೆ. ಮಗನೋ ಮಗಳೋ ದುಬೈಯಿಂದ ತಂದುಕೊಟ್ಟದ್ದೂ ಇರಬಹುದು. ರಾತ್ರಿಯಿಡೀ ಹೊರಳಾಡಿದವರು ಬೆಳಿಗ್ಗೆ ನೋಡಿದರೆ ವಾಚಿನಲ್ಲಿ "7 ಗಂಟೆ 10 ನಿಮಿಷ, ಉತ್ತಮ" ಎಂದಿರುತ್ತದೆ. ಯಾರನ್ನು ನಂಬುವುದು?

ಒಪ್ಪಿಗೆ ಸಿಕ್ಕಿದ್ದು ಯಾವುದಕ್ಕೆ

ಮೊದಲು ಒಂದು ಗಂಟು ಬಿಡಿಸಿಕೊಳ್ಳೋಣ. ನಿದ್ದೆಯ ವಿಷಯದಲ್ಲಿ ಈ ವಾಚ್‌ಗಳಿಗೆ ಎಫ್‌ಡಿಎ ಒಪ್ಪಿದ್ದು ಉಸಿರಾಟದ ಎಚ್ಚರಿಕೆಯನ್ನು ಮಾತ್ರ. ನೀವು ಎಷ್ಟು ಗಂಟೆ ಮಲಗಿದಿರಿ, ಅದರಲ್ಲಿ ಗಾಢ ನಿದ್ದೆ ಎಷ್ಟು ಎಂದು ಬಣ್ಣದ ಪಟ್ಟಿಯಲ್ಲಿ ತೋರಿಸುವ ಲೆಕ್ಕಕ್ಕೆ ಆ ಒಪ್ಪಿಗೆ ಅನ್ವಯಿಸುವುದಿಲ್ಲ. ಅದನ್ನು ಕಂಪನಿಗಳು "ಸ್ವಾಸ್ಥ್ಯ" ಎಂಬ ಹೆಸರಿನಲ್ಲಿ ಮಾರುತ್ತವೆ. ರೋಗ ಪತ್ತೆಗೆ ಅಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ನಮ್ಮಲ್ಲೂ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳು, ಸಾಫ್ಟ್‌ವೇರ್ ಸೇರಿ, ಔಷಧ ಕಾಯ್ದೆಯಡಿ ಬಂದಿವೆ. ಆದರೆ ರೋಗದ ಮಾತೇ ಎತ್ತದ ವಾಚ್ ಆ ಬಾಗಿಲಿನಿಂದ ಒಳಗೆ ಬರಬೇಕಾಗಿಯೇ ಇಲ್ಲ.

ಆ ಉಸಿರಾಟದ ಎಚ್ಚರಿಕೆಗೂ ಮಿತಿ ಇದೆ. ಆ್ಯಪಲ್ ಕೊಟ್ಟ ಅಂಕಿಗಳ ಪ್ರಕಾರ, ಮಧ್ಯಮದಿಂದ ತೀವ್ರ ಆ್ಯಪ್ನಿಯಾ ಇರುವ 100 ಮಂದಿಯಲ್ಲಿ ಸುಮಾರು 66 ಮಂದಿಯನ್ನು ಅದು ಗುರುತಿಸುತ್ತದೆ. ತೊಂದರೆ ಇಲ್ಲದವರನ್ನು ಸುಮ್ನೆ ಹೆದರಿಸುವುದು ತೀರಾ ಕಡಿಮೆ. ಅಂದರೆ ಎಚ್ಚರಿಕೆ ಬಂದರೆ ಡಾಕ್ಟರ ಹತ್ತಿರ ಹೋಗಬೇಕು. ಬರಲಿಲ್ಲವೆಂದರೆ ಆ್ಯಪ್ನಿಯಾ ಇಲ್ಲವೆಂದು ಅರ್ಥ ಅಲ್ಲ. ಟ್ರಮಡಾಲ್, ಮಾರ್ಫಿನ್ ಜಾತಿಯ ನೋವಿನ ಔಷಧ ತಿನ್ನುವವರು ಇದನ್ನು ನೆನಪಿಡಬೇಕು. ಆ ಔಷಧಗಳೇ ನಿದ್ದೆಯಲ್ಲಿ ಉಸಿರನ್ನು ಕುಂದಿಸಬಲ್ಲವು.

ವಾಚ್ ನೋಡುವುದು ಏನನ್ನು

ನಿದ್ದೆ ನಡೆಯುವುದು ಮಿದುಳಿನಲ್ಲಿ. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿ ಮಲಗಿಸಿ ಮಾಡುವ ನಿದ್ದೆ ಪರೀಕ್ಷೆಯಲ್ಲಿ ತಲೆಗೆ ವಯರು ಅಂಟಿಸಿ ಮಿದುಳಿನ ಅಲೆ ನೋಡುತ್ತಾರೆ. ಕಣ್ಣಿನ ಚಲನೆ, ಗಲ್ಲದ ಸ್ನಾಯು, ಉಸಿರು, ಆಮ್ಲಜನಕ, ಕಾಲಿನ ಅಲುಗಾಟ ಎಲ್ಲವೂ ದಾಖಲಾಗುತ್ತದೆ. ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಎಚ್ಚರ, ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಎಂದು ಗುರುತು ಹಾಕುತ್ತಾರೆ. 8 ಗಂಟೆಗೆ 960 ತುಂಡು.

ವಾಚಿಗೆ ಮಿದುಳಿನ ಅಲೆ, ಕಣ್ಣು, ಗಲ್ಲದ ಸ್ನಾಯು ಯಾವುದೂ ಕಾಣುವುದಿಲ್ಲ. ಅದರೊಳಗೆ ಮುಖ್ಯವಾಗಿ ಕೈ ಅಲುಗಿತೇ ಎಂದು ನೋಡುವ ಒಂದು ಸೆನ್ಸರ್ ಇದೆ. ಇನ್ನೊಂದು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ರಕ್ತದ ಹರಿವಿನಿಂದ ನಾಡಿ ಎಣಿಸುತ್ತದೆ. ಈ ಎರಡರಿಂದ ಮಿದುಳಿನ ಸ್ಥಿತಿಯನ್ನು ಊಹಿಸುವುದು ಅಂದರೆ, ಗೇಟಿನಲ್ಲಿ ಕೂತ ವಾಚ್‌ಮನ್ ಮನೆಯೊಳಗಿನ ಜಗಳದ ವರದಿ ಕೊಟ್ಟ ಹಾಗೆ.

ಊಹೆಯ ವಿಧಾನ ಹಳೆಯದು. ಸಂಶೋಧನೆಯಲ್ಲಿ ಈಗಲೂ ಬಳಕೆಯಲ್ಲಿರುವ ಕೋಲ್–ಕ್ರಿಪ್ಕಿ ಸೂತ್ರ ಬಂದದ್ದು 1992ರಲ್ಲಿ. ಒಂದು ನಿಮಿಷದಲ್ಲಿ ಕೈ ಎಷ್ಟು ಅಲುಗಿತು, ಅದರ ಹಿಂದುಮುಂದಿನ ನಿಮಿಷಗಳಲ್ಲಿ ಎಷ್ಟು ಅಲುಗಿತು ಎಂದು ಕೂಡಿಸಿ, ಮೊತ್ತ ಒಂದು ಮಿತಿಗಿಂತ ಕಡಿಮೆಯಾದರೆ ಆ ನಿಮಿಷಕ್ಕೆ "ನಿದ್ದೆ" ಎಂದು ಬರೆಯುವುದು. ಅಷ್ಟೇ. ಈಗಿನ ವಾಚ್‌ಗಳು ಇದಕ್ಕೆ ನಾಡಿಯ ಏರಿಳಿತವನ್ನೂ ಸೇರಿಸಿ ಸುಧಾರಿಸಿಕೊಂಡಿವೆ. ಆದರೆ ಬುನಾದಿಯಲ್ಲಿ ಇರುವುದು ಅದೇ ಊಹೆ: ಅಲುಗದವರು ನಿದ್ದೆಯಲ್ಲಿದ್ದಾರೆ.

ಇದರ ಫಲ 2013ರ ಒಂದು ಅಧ್ಯಯನದಲ್ಲಿ ಚೆನ್ನಾಗಿ ಕಾಣುತ್ತದೆ. 77 ಮಂದಿಗೆ ಅಲುಗಾಟ ಅಳೆಯುವ ಪಟ್ಟಿ ಕಟ್ಟಿ, ಜೊತೆಗೇ ಪೂರ್ತಿ ನಿದ್ದೆ ಪರೀಕ್ಷೆಯನ್ನೂ ಮಾಡಿದರು. ನಿಜವಾಗಿ ನಿದ್ದೆಯಿದ್ದ ಹೊತ್ತಿನಲ್ಲಿ ಪಟ್ಟಿ ಶೇ. 96ಕ್ಕಿಂತ ಜಾಸ್ತಿ ಸರಿ. ನಿಜವಾಗಿ ಎಚ್ಚರವಿದ್ದ ಹೊತ್ತಿನಲ್ಲಿ ಸರಿ ಹೇಳಿದ್ದು ಶೇ. 33ರಷ್ಟು ಮಾತ್ರ. ಒಟ್ಟು ಲೆಕ್ಕದಲ್ಲಿ ಶೇ. 86 ಸರಿ! ಚೆನ್ನಾಗಿ ನಿದ್ದೆ ಮಾಡುವವರಿಗೆ ರಾತ್ರಿಯಲ್ಲಿ ಎಚ್ಚರದ ಹೊತ್ತೇ ಕಡಿಮೆ. ಆದ್ದರಿಂದ ಆ ತಪ್ಪು ಒಟ್ಟು ಅಂಕಿಯೊಳಗೆ ಮುಚ್ಚಿಹೋಗುತ್ತದೆ. ಜಾಹೀರಾತಿನಲ್ಲಿ ಕಾಣುವ "ನಿಖರತೆ"ಯನ್ನು ಓದುವಾಗ ಇದು ಗೊತ್ತಿರಬೇಕು.

ಅಲುಗದೆ ಮಲಗಿದವರ ಲೆಕ್ಕ

ಈಗ ನೋವಿದ್ದವರ ರಾತ್ರಿಗೆ ಬನ್ನಿ. ಸೊಂಟನೋವಿನವರು ನಡುರಾತ್ರಿ 2.40ಕ್ಕೆ ಎಚ್ಚರವಾಗುತ್ತಾರೆ. ಮಗ್ಗುಲು ಬದಲಿಸಿದರೆ ನೋವು ಕೆರಳುತ್ತದೆಂದು ಗೊತ್ತು. ಹಾಗಾಗಿ ಮಂಡಿಯ ಕೆಳಗೆ ದಿಂಬಿಟ್ಟು, ಅಂಗಾತ, ಉಸಿರು ಬಿಗಿಹಿಡಿದು ಮಲಗುತ್ತಾರೆ. ಫ್ಯಾನಿನ ಸದ್ದು ಕೇಳುತ್ತಾ 3.20 ಆಗುತ್ತದೆ. ಕೈ ಅಲುಗಲೇ ಇಲ್ಲ. ವಾಚಿನ ಪ್ರಕಾರ ಇವರು 40 ನಿಮಿಷ ಹಗುರ ನಿದ್ದೆ ಮಾಡಿದ್ದಾರೆ.

ಎಲ್ಲ ಅಳತೆಯಲ್ಲೂ ತಪ್ಪು ಇರುತ್ತದೆ ಎಂದು ಸಮಾಧಾನ ಹೇಳಬಹುದು. ಆದರೆ ಇದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಆಗುವ ತಪ್ಪಲ್ಲ. ಎಚ್ಚರದ ಹೊತ್ತು ಜಾಸ್ತಿಯಾದಷ್ಟೂ, ಅಲುಗದೆ ಸಹಿಸಿದಷ್ಟೂ ವಾಚ್ ತಪ್ಪುವುದು ಜಾಸ್ತಿ. ತಪ್ಪುವುದು ಹೆಚ್ಚಾಗಿ "ಇವರು ಚೆನ್ನಾಗಿಯೇ ಮಲಗಿದ್ದಾರೆ" ಎಂಬ ಕಡೆಗೆ. ಅಂದರೆ ಯಾರಿಗೆ ಅಳತೆ ಹೆಚ್ಚು ಬೇಕೋ ಅವರ ವಿಷಯದಲ್ಲೇ ಅದು ಹೆಚ್ಚು ಸುಳ್ಳು ಹೇಳುತ್ತದೆ. ಈ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಇದು.

ಯಾವ ಕೈಗೆ ಕಟ್ಟಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್ ತೊಂದರೆಯವರು ರಾತ್ರಿ ಕೈ ಜೋಮು ಹಿಡಿದು ಎದ್ದು, ಕೈ ಕೊಡವಿಕೊಂಡು ಮತ್ತೆ ಮಲಗುತ್ತಾರೆ. ನೋಯುವ ಕೈಗೆ ವಾಚ್ ಬೇಡವೆಂದು ಇನ್ನೊಂದು ಕೈಗೆ ಕಟ್ಟಿದ್ದರೆ, ಆ ಕೊಡವಿದ್ದು ವಾಚಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಕಾಲು ಚಡಪಡಿಸುವ ತೊಂದರೆ ಇದ್ದವರ ಕಾಲು ರಾತ್ರಿಯಿಡೀ ಒದ್ದಾಡಿದರೂ ಮಣಿಕಟ್ಟು ತೆಪ್ಪಗಿರಬಹುದು.

ಮಾತ್ರೆಗಳ ಕಥೆ ಬೇರೆಯೇ ಇದೆ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕನಸಿನ ನಿದ್ದೆಯನ್ನು ಕಡಿಮೆ ಮಾಡುತ್ತದೆ, ನಾಡಿಯ ವೇಗವನ್ನೂ ಏರಿಸಬಲ್ಲದು. ಮೈಗ್ರೇನ್ ತಡೆಗೆ ಕೊಡುವ ಪ್ರೊಪ್ರನೊಲಾಲ್ ನಾಡಿಯನ್ನು ಇಳಿಸುತ್ತದೆ. ನರದ ನೋವಿಗೇ ಕೊಡುವ ಪ್ರೆಗಾಬಲಿನ್ ಗಾಢ ನಿದ್ದೆಯನ್ನು ಹೆಚ್ಚಿಸುತ್ತದೆ. ವಾಚ್ ನಿದ್ದೆಯ ಹಂತಗಳನ್ನು ಊಹಿಸುವುದು ನಾಡಿಯಿಂದ. ಹಾಗಾಗಿ ಹೊಸ ಮಾತ್ರೆ ಶುರುವಾದ ವಾರ ವಾಚ್ ತೋರಿಸುವ ನಿದ್ದೆಯ ಪಟ್ಟಿಯ ಬಣ್ಣ ಬದಲಾದರೆ, ಬದಲಾದದ್ದು ನಿದ್ದೆಯೋ ಬರೀ ನಾಡಿಯೋ ಎಂದು ಆ ಬಣ್ಣ ನೋಡಿ ಹೇಳಲು ಆಗುವುದಿಲ್ಲ.

ನಿದ್ದೆ ಕೆಟ್ಟರೆ ನೋವು ಯಾಕೆ ಜಾಸ್ತಿ

ನೋವಿನಿಂದ ನಿದ್ದೆ ಕೆಡುತ್ತದೆ ಎಂಬುದು ಯಾರಿಗೂ ಹೊಸದಲ್ಲ. ಆದರೆ ಉಲ್ಟಾ ದಾರಿಯೂ ಅಷ್ಟೇ ಗಟ್ಟಿ. ಹಲವು ಅಧ್ಯಯನಗಳನ್ನು ಒಟ್ಟು ನೋಡಿದ 2013ರ ಒಂದು ವಿಮರ್ಶೆ, ಇವತ್ತಿನ ನೋವಿನಿಂದ ನಾಳಿನ ನಿದ್ದೆಯನ್ನು ಊಹಿಸುವುದಕ್ಕಿಂತ ಕೆಟ್ಟ ನಿದ್ದೆಯಿಂದ ಮುಂದಿನ ನೋವನ್ನು ಊಹಿಸುವುದು ಸುಲಭ ಎಂಬ ತೀರ್ಮಾನಕ್ಕೆ ಬಂತು. 2019ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರನ್ನು ರಾತ್ರಿಯಿಡೀ ಎಚ್ಚರವಿಟ್ಟು, ಕಾಲಿಗೆ ಬಿಸಿ ಮುಟ್ಟಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ನೋವನ್ನು ಗ್ರಹಿಸುವ ಭಾಗ ಜೋರಾಗಿತ್ತು. ನೋವನ್ನು ತೂಗಿ ನೋಡಿ ತಗ್ಗಿಸುವ ಭಾಗಗಳು ಮಂಕಾಗಿದ್ದವು.

ನಮ್ಮ ಚರ್ಚೆಗೆ ಇನ್ನೂ ಮುಖ್ಯವಾದದ್ದು 2007ರ ಒಂದು ಪ್ರಯೋಗ. ಆರೋಗ್ಯವಂತ ಹೆಂಗಸರನ್ನು ಗುಂಪು ಮಾಡಿ, ಒಂದು ಗುಂಪನ್ನು ರಾತ್ರಿ ಮತ್ತೆ ಮತ್ತೆ ಎಬ್ಬಿಸಿದರು. ಇನ್ನೊಂದು ಗುಂಪನ್ನು ತಡವಾಗಿ ಮಲಗಿಸಿ, ಒಟ್ಟು ನಿದ್ದೆ ಅಷ್ಟೇ ಆಗುವಂತೆ ನೋಡಿಕೊಂಡರು. ದೇಹ ತಾನೇ ನೋವನ್ನು ತಡೆಹಿಡಿಯುವ ಶಕ್ತಿ ಕುಂದಿದ್ದು ಎಬ್ಬಿಸಿದ ಗುಂಪಿನಲ್ಲಿ. ಅಂದರೆ ಎಷ್ಟು ಗಂಟೆ ಮಲಗಿದಿರಿ ಎಂಬುದಕ್ಕಿಂತ ನಿದ್ದೆ ಎಷ್ಟು ಸಲ ಮುರಿಯಿತು ಎಂಬುದು ನೋವಿಗೆ ಹೆಚ್ಚು ಸಂಬಂಧಿಸಿದ್ದು.

ಇದನ್ನೂ ಹಿಂದಿನ ಮಾತನ್ನೂ ಜೋಡಿಸಿ ನೋಡಿ. ವಾಚ್ ಸುಮಾರಾಗಿ ಸರಿ ಹೇಳುವುದು ಒಟ್ಟು ಗಂಟೆಯನ್ನು. ಎಡವುವುದು ನಡುನಡುವಿನ ಎಚ್ಚರದಲ್ಲಿ. ನೋವಿನವರಿಗೆ ಬೇಕಾದದ್ದೋ ಆ ಎರಡನೆಯದೇ.

ಇನ್ನೂ ಆಳದಲ್ಲಿ ಒಂದು ತೊಡಕಿದೆ. 1975ರಲ್ಲಿ ಕೆನಡಾದ ಮೊಲ್ಡೋಫ್‌ಸ್ಕಿ ಮತ್ತು ಸಂಗಡಿಗರು, ಈಗ ಫೈಬ್ರೊಮಯಾಲ್ಜಿಯಾ ಎನ್ನುವ ಮೈತುಂಬ ನೋವಿನ ಕಾಯಿಲೆಯವರಲ್ಲಿ ಗಾಢ ನಿದ್ದೆಯ ಅಲೆಗಳ ನಡುವೆ ಎಚ್ಚರದ ಹೊತ್ತಿನ ಆಲ್ಫಾ ಅಲೆಗಳು ನುಗ್ಗುವುದನ್ನು ಕಂಡರು. ಎಲ್ಲ ರೋಗಿಗಳಲ್ಲೂ ಇದು ಕಾಣುವುದಿಲ್ಲ. ಆದರೂ "ಮಲಗಿದ್ದೆ, ಆದರೆ ನಿದ್ದೆ ಮಾಡಿದ ಹಾಗೇ ಆಗಲಿಲ್ಲ" ಎನ್ನುವವರ ಮಾತನ್ನು ಸುಳ್ಳೆನ್ನುವ ಹಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಮಣಿಕಟ್ಟಿನ ಯಾವ ಸೆನ್ಸರಿಗೂ ಆ ಅಲೆ ಸಿಗುವುದಿಲ್ಲ.

ಹಾಗಾದರೆ ಸಂಶೋಧಕರಿಗೆ ಇದರ ಮೇಲೆ ಯಾಕಿಷ್ಟು ಆಸೆ

ನಿದ್ದೆ ತಜ್ಞರು ಎಚ್ಚರಿಕೆಯ ಕಡೆ ಇದ್ದಾರೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಸರಿಯಾಗಿ ಪರೀಕ್ಷೆಗೊಳಗಾಗದ, ಅನುಮತಿ ಪಡೆಯದ ಗ್ರಾಹಕ ಸಾಧನಗಳನ್ನು ನಿದ್ದೆಯ ಕಾಯಿಲೆ ಪತ್ತೆಗೂ ಚಿಕಿತ್ಸೆಗೂ ಬಳಸಬಾರದು. ಆದರೆ ರೋಗಿ ಡಾಕ್ಟರ ಜೊತೆ ಮಾತು ಶುರುಮಾಡಲು ಅವು ನೆರವಾಗಬಹುದು ಎಂದೂ ಸೇರಿಸಿತು.

ನೋವಿನ ಸಂಶೋಧಕರ ವಾದ ಬೇರೆ, ಅದರಲ್ಲಿ ಹುರುಳೂ ಇದೆ. ಆಸ್ಪತ್ರೆಯ ಪರೀಕ್ಷೆ ಚಿನ್ನದಂಥದ್ದೇ, ಆದರೆ ಅದು ಒಂದು ರಾತ್ರಿಯ ಕಥೆ. ಅದೂ ಹೊಸ ಜಾಗ, ಮೈತುಂಬ ವಯರು. ಮೊದಲ ರಾತ್ರಿ ಹೆಚ್ಚಿನವರಿಗೆ ಸರಿಯಾಗಿ ನಿದ್ದೆ ಬರುವುದಿಲ್ಲ ಎಂಬುದು 1960ರ ದಶಕದಿಂದಲೇ ಗೊತ್ತಿರುವ ಸಂಗತಿ. ನೋವು ದಿನ ದಿನಕ್ಕೂ ಏರಿಳಿಯುತ್ತದೆ. 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಅಂಥದ್ದನ್ನು ಒಂದು ರಾತ್ರಿಯಲ್ಲಿ ಹೇಗೆ ಹಿಡಿಯುವುದು? ಡೈರಿ ಬರೆಯಿರಿ ಎಂದರೆ, ವಾರವಿಡೀ ಬಿಟ್ಟು ಡಾಕ್ಟರನ್ನು ನೋಡುವ ಹಿಂದಿನ ರಾತ್ರಿ ಕೂತು ಏಳು ದಿನದ್ದನ್ನೂ ತುಂಬಿಸುವವರಿದ್ದಾರೆ. ಮನೆಯಲ್ಲೇ, ಹಾಸಿಗೆಯಲ್ಲೇ, ವಾರಗಟ್ಟಲೆ ದಾಖಲೆ ಕೊಡುವುದು ಮಣಿಕಟ್ಟಿನ ಪಟ್ಟಿ ಮಾತ್ರ.

ಇಬ್ಬರೂ ಹೇಳುವುದು ಸರಿ, ಯಾಕೆಂದರೆ ಇಬ್ಬರ ಪ್ರಶ್ನೆ ಒಂದೇ ಅಲ್ಲ. ನೂರಾರು ಜನರ ಸರಾಸರಿ ನೋಡುವ ಸಂಶೋಧನೆಗೆ ಒರಟು ಅಳತೆಯೂ ಉಪಯೋಗಕ್ಕೆ ಬರುತ್ತದೆ. ನಿನ್ನೆ ರಾತ್ರಿ ಈ ರೋಗಿಗೆ ನಿದ್ದೆ ಬಂತೇ ಎಂಬ ಪ್ರಶ್ನೆಗೆ ಅದು ಸಾಲದು. ಕಂಪನಿಗಳು ಮಾರುವುದು ಈ ಎರಡನೆಯ ಪ್ರಶ್ನೆಗೆ ಉತ್ತರವೆಂದೇ. ತಕರಾರು ಇರುವುದು ಅಲ್ಲಿ.

ಕರಾವಳಿಯ ಬೆವರು, ಕರಾವಳಿಯ ಹೊತ್ತು

ನಮ್ಮ ಕಡೆ ಇನ್ನೂ ಒಂದೆರಡು ಸಮಸ್ಯೆ ಸೇರಿಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಪಟ್ಟಿಯ ಅಡಿ ಬೆವರು ನಿಂತು ತುರಿಕೆ ಬರುತ್ತದೆ. ಜನ ಪಟ್ಟಿ ಸಡಿಲ ಮಾಡುತ್ತಾರೆ. ಸಡಿಲವಾದರೆ ಹಸಿರು ಬೆಳಕು ಚರ್ಮಕ್ಕೆ ಸರಿಯಾಗಿ ತಾಗುವುದಿಲ್ಲ, ನಾಡಿಯ ಲೆಕ್ಕ ತಪ್ಪುತ್ತದೆ. ಆಗ ಉಳಿಯುವುದು ಬರೀ ಅಲುಗಾಟದ ಲೆಕ್ಕ.

ಹೊತ್ತಿನ ಸಮಸ್ಯೆ ಇನ್ನೂ ದೊಡ್ಡದು. ಈ ಸಾಧನಗಳ ಲೆಕ್ಕಾಚಾರ ರಾತ್ರಿ ಒಂದೇ ಉದ್ದನೆಯ ನಿದ್ದೆ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಫಿಟ್‌ಬಿಟ್ ಎಂಬ ಕೈಪಟ್ಟಿ ನಿದ್ದೆಯ ಹಂತಗಳನ್ನು ತೋರಿಸಬೇಕಾದರೆ ಕನಿಷ್ಠ 3 ಗಂಟೆಯ ನಿದ್ದೆ ಬೇಕು. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಕತ್ತಲಿರುವಾಗಲೇ ಎದ್ದು ಮೀನು ಇಳಿಸುವವರ, ವಿಂಗಡಿಸುವವರ ನಿದ್ದೆ ಎರಡು ಮೂರು ತುಂಡಾಗಿರುತ್ತದೆ. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಯಕ್ಷಗಾನ ಮೇಳದಲ್ಲಿ ಇಡೀ ರಾತ್ರಿ ಕುಣಿಯುವ ಕಲಾವಿದರು ಮಲಗುವುದೇ ಬೆಳಗಾದ ಮೇಲೆ. ಸುತ್ತಿ ಜಿಗಿಯುವ ಧೀಂಗಿಣ ಹಾಕಿ, ಮಂಡಿಯೂರಿ ತಿರುಗಿ ಸವೆದ ಮೊಣಕಾಲಿನ ನೋವು ಯಾರಿಗಾದರೂ ಇದ್ದರೆ ಅವರಿಗೇ. ಅವರ ನಿದ್ದೆಯನ್ನು ವಾಚ್ ಅರ್ಧ ಎಣಿಸಿ, ಅರ್ಧ ಬಿಟ್ಟು, ಕೊನೆಗೆ "ಕಳಪೆ" ಎಂದು ಬೈಯಬಹುದು. ಆಸ್ಪತ್ರೆಗಳ ನರ್ಸ್‌ಗಳ ಪಾಳಿಯ ಕಥೆಯೂ ಹೀಗೆಯೇ.

ನೋವಿನವರ ಸಂಖ್ಯೆಗೂ ಇಲ್ಲಿ ಬರವಿಲ್ಲ. ಮೊರ ಮಡಿಲಲ್ಲಿಟ್ಟು ಕುತ್ತಿಗೆ ಬಗ್ಗಿಸಿ ಬೀಡಿ ಕಟ್ಟುವವರು, ಗೇರುಬೀಜದ ಫ್ಯಾಕ್ಟರಿಯವರು, ಅಡಕೆ ತೋಟದ ಆಳುಗಳು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕುನ್‌ಗುನ್ಯಾ ಹರಡಿದಾಗ ಜ್ವರ ಹೋದರೂ ಗಂಟುನೋವು ತಿಂಗಳುಗಟ್ಟಲೆ ಬಿಡದೆ ಕಾಡಿದ್ದು ಹಲವು ಮನೆಗಳಿಗೆ ನೆನಪಿದೆ. ಆದರೆ ವಾಚ್‌ಗಳ ಲೆಕ್ಕಾಚಾರ ಪರೀಕ್ಷೆಗೊಳಗಾದದ್ದು ಹೆಚ್ಚಾಗಿ ಆರೋಗ್ಯವಂತ, ಎಳೆಯ ವಯಸ್ಸಿನವರ ಮೇಲೆ.

ಡಾಕ್ಟರ ಕೋಣೆಯಲ್ಲಿ

"ಡಾಕ್ಟ್ರೆ, ರಾತ್ರಿ ನಿದ್ದೆಯೇ ಇಲ್ಲ."

"ಎಂತ ಅಮ್ಮ, ವಾಚಲ್ಲಿ ಏಳು ಗಂಟೆ ತೋರಿಸ್ತದಲ್ಲ?"

ಇಂಥ ಮಾತು ನಡೆದರೆ ಸೋಲುವುದು ಯಾರೆಂದು ಹೇಳಬೇಕಾಗಿಲ್ಲ. ನೋವು ಕಣ್ಣಿಗೆ ಕಾಣುವುದಿಲ್ಲ. ನೋವಿನವರು ಮೊದಲೇ "ಸ್ಕ್ಯಾನ್ ನಾರ್ಮಲ್ ಇದೆ" ಎಂಬ ಮಾತು ಕೇಳಿ ಬೇಸತ್ತಿರುತ್ತಾರೆ. ಈಗ ಅವರ ಕೈಯಲ್ಲೇ ಇನ್ನೊಂದು ಪ್ರತಿಸಾಕ್ಷಿ.

ಇದು ಬರೀ ಮನಸ್ಸು ನೋಯುವ ವಿಷಯ ಅಲ್ಲ. ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಗುಳಿಗೆಯಲ್ಲ, ಸಿಬಿಟಿ-ಐ ಎಂಬ ಅಭ್ಯಾಸ ಬದಲಾವಣೆಯ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಶಿಫಾರಸು ಮಾಡಿದೆ. ನೋವಿನವರಲ್ಲೂ ಅದು ನಿದ್ದೆಯನ್ನು ಸುಧಾರಿಸುತ್ತದೆ, ನೋವಿನ ಮೇಲಿನ ಪರಿಣಾಮ ಮಾತ್ರ ಸಣ್ಣದು. ಅದರ ಮುಖ್ಯ ಭಾಗ ಒಂದು ಸರಳ ಭಾಗಾಕಾರ: ನಿದ್ದೆ ಮಾಡಿದ ಹೊತ್ತನ್ನು ಹಾಸಿಗೆಯಲ್ಲಿದ್ದ ಹೊತ್ತಿನಿಂದ ಭಾಗಿಸುವುದು. ಸಾಮಾನ್ಯವಾಗಿ ಶೇ. 85ಕ್ಕಿಂತ ಕಡಿಮೆ ಬಂದರೆ ಹಾಸಿಗೆಯ ಹೊತ್ತನ್ನು ಕತ್ತರಿಸುತ್ತಾರೆ. ಒಬ್ಬರು 8 ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ಮಲಗಿದ್ದಾರೆ ಎಂದುಕೊಳ್ಳಿ. ಲೆಕ್ಕ ಶೇ. 69 ಬರುತ್ತದೆ, ಚಿಕಿತ್ಸೆ ಬೇಕು. ವಾಚ್ ಆ ಎಚ್ಚರದಲ್ಲಿ ಒಂದೂವರೆ ಗಂಟೆಯನ್ನು ನಿದ್ದೆಗೆ ಸೇರಿಸಿದರೆ 7 ಗಂಟೆ, ಅಂದರೆ ಶೇ. 87.5. ಅದೇ ರೋಗಿ ಈಗ ಕಾಗದದ ಮೇಲೆ ಗುಣವಾಗಿಬಿಟ್ಟರು!

ಸ್ಕೋರ್ ನೋಡಿ ಕೆಡುವ ನಿದ್ದೆ

ಉಲ್ಟಾ ಅಪಾಯವೂ ಇದೆ. ಸ್ಕೋರ್ ಚೆನ್ನಾಗಿ ಬರಲೆಂದು ಚಿಂತಿಸಿ ಚಿಂತಿಸಿ ನಿದ್ದೆ ಕೆಡಿಸಿಕೊಳ್ಳುವವರನ್ನು ಕಂಡ ಅಮೆರಿಕದ ವೈದ್ಯರು 2017ರಲ್ಲಿ ಅದಕ್ಕೆ ಆರ್ಥೋಸಾಮ್ನಿಯಾ ಎಂದು ಹೆಸರಿಟ್ಟರು. 2018ರ ಒಂದು ಪ್ರಯೋಗದಲ್ಲಿ ನಿದ್ರಾಹೀನತೆ ಇರುವವರಿಗೆ ಕೈಪಟ್ಟಿ ಕೊಟ್ಟು, ಬೆಳಿಗ್ಗೆ ಬೇಕೆಂದೇ ಕಟ್ಟುಕಥೆಯ ಫಲಿತಾಂಶ ತೋರಿಸಿದರು. ನಿದ್ದೆ ಕಳಪೆ ಎಂದು ತೋರಿಸಿದವರಿಗೆ ಆ ದಿನ ಹೆಚ್ಚು ತೂಕಡಿಕೆ, ಹೆಚ್ಚು ಬೇಸರ. ನೋವಿನವರಲ್ಲಿ "ಇವತ್ತು ನೋವು ಜಾಸ್ತಿಯಾಗುತ್ತದೆ" ಎಂಬ ಭಯವೇ ನೋವನ್ನು ಹೆಚ್ಚಿಸಬಲ್ಲದು. ಬೆಳಿಗ್ಗೆ ಎದ್ದೊಡನೆ ಕೆಂಪು ಪಟ್ಟಿ ನೋಡಿ ಆ ಭಯಕ್ಕೆ ನೀರೆರೆಯುವುದು ಯಾಕೆ?

ಯಾವುದನ್ನು ನಂಬಬಹುದು

ವಾಚ್ ಬಿಸಾಡಬೇಕೆಂದಿಲ್ಲ. ಮಲಗುವ, ಏಳುವ ಹೊತ್ತನ್ನು ಅದು ಸಾಕಷ್ಟು ಚೆನ್ನಾಗಿ ಹಿಡಿಯುತ್ತದೆ. ವಾರದ ಮೇಲೆ ವಾರ ಮಲಗುವ ಹೊತ್ತು ಜಾರುತ್ತಿದೆಯೇ, ಹಗಲು ಎಷ್ಟು ಹೊತ್ತು ಮಲಗಿದ್ದೀರಿ, ಓಡಾಟ ಕಡಿಮೆಯಾಗುತ್ತಿದೆಯೇ ಎಂಬುದಕ್ಕೆ ಅದರ ಮಾತು ಕೇಳಬಹುದು. ಗಾಢ ನಿದ್ದೆಯ ನಿಮಿಷ, ಸ್ಕೋರ್, "ನಿನ್ನೆಗಿಂತ 4 ಅಂಕ ಕಡಿಮೆ" ಇವನ್ನೆಲ್ಲ ಬಿಟ್ಟುಬಿಡಬಹುದು. ವಾಚ್ ಬದಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಹೋಲಿಸಬೇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆದರೂ ಲೆಕ್ಕದ ವಿಧಾನ ಬದಲಾಗಬಹುದು.

ಡಾಕ್ಟರಿಗೆ ತೋರಿಸುವುದಾದರೆ ಜೊತೆಗೆ ಒಂದು ಚೀಟಿ ಇರಲಿ. ಎರಡು ವಾರ, ದಿನಕ್ಕೆ ಎರಡು ಸಾಲು ಸಾಕು. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಎಬ್ಬಿಸಿದ್ದು ನೋವೋ ಮೂತ್ರವೋ ಸೆಕೆಯೋ, ಯಾವ ಮಾತ್ರೆ ಎಷ್ಟು ಹೊತ್ತಿಗೆ ತಿಂದದ್ದು, ಬೆಳಿಗ್ಗೆ ನೋವು ಹತ್ತರಲ್ಲಿ ಎಷ್ಟು. ಮುಖ್ಯವಾಗಿ, ವಾಚ್ ನೋಡುವ ಮೊದಲು ಬರೆಯಬೇಕು. ನೋಡಿದ ಮೇಲೆ ಬರೆದರೆ ಅದು ನಿಮ್ಮ ನೆನಪಾಗಿ ಉಳಿಯುವುದಿಲ್ಲ.

ಡೇಟಾ ಹೋಗುವುದು ಎಲ್ಲಿಗೆ

ನಮ್ಮಲ್ಲಿ ಕೆಲವು ಆರೋಗ್ಯ ವಿಮೆ ಕಂಪನಿಗಳು ಈಗಾಗಲೇ ದಿನದ ಹೆಜ್ಜೆ ಎಣಿಸಿ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತಿವೆ. ಹೆಜ್ಜೆಯಿಂದ ನಿದ್ದೆಗೆ ದೂರ ಜಾಸ್ತಿಯಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದು ವರ್ಷಗಟ್ಟಲೆ ಬೆನ್ನುನೋವು ಅನುಭವಿಸುವವರೊಬ್ಬರು ಪರಿಹಾರದ ಅರ್ಜಿ ಹಾಕಿದರೆ, "ಇವರ ವಾಚ್ ಪ್ರಕಾರ ರಾತ್ರಿ ಸುಖನಿದ್ದೆ" ಎಂಬ ವಾದ ನಾಳೆ ಬರಲಾರದು ಎನ್ನಲು ಸಾಧ್ಯವಿಲ್ಲ. ಬಂದರೆ, ಆ ಏಳು ಗಂಟೆ ಹೇಗೆ ಲೆಕ್ಕವಾಯಿತು ಎಂದು ವಕೀಲರು ಕೇಳಬೇಕಾಗುತ್ತದೆ.

ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು ಇದೆ. ಆರೋಗ್ಯದ ಮಾಹಿತಿಯನ್ನು ಹೆಚ್ಚು ಸೂಕ್ಷ್ಮವೆಂದು ಈ ಕಾಯ್ದೆ ಬೇರೆಯಾಗಿ ಗುರುತಿಸಿಲ್ಲ. ನಿಮ್ಮ ಫೋನ್ ನಂಬರಿಗೂ ನಡುರಾತ್ರಿಯ ನಾಡಿಗೂ ಒಂದೇ ನಿಯಮ. ಹೆಚ್ಚಿನದೆಲ್ಲ ನಿಂತಿರುವುದು ಒಪ್ಪಿಗೆಯ ಮೇಲೆ. ಆ ಒಪ್ಪಿಗೆಯೋ ಆ್ಯಪ್ ಹಾಕುವಾಗ ಓದದೆ ಒತ್ತುವ ಬಟನ್. ವಿಮೆ ಏಜೆಂಟರು "ಈ ಆ್ಯಪಿಗೆ ವಾಚ್ ಜೋಡಿಸಿ, ರಿಯಾಯಿತಿ ಸಿಗುತ್ತದೆ" ಎಂದರೆ, ಹೋಗುವುದು ಹೆಜ್ಜೆ ಮಾತ್ರವೋ ನಿದ್ದೆ, ನಾಡಿಯೂ ಸೇರಿಯೋ ಎಂದು ಮೊದಲು ಕೇಳಿ. ಆ್ಯಂಡ್ರಾಯ್ಡ್, ಐಫೋನ್ ಎರಡರಲ್ಲೂ ಆರೋಗ್ಯ ಡೇಟಾದ ಸೆಟ್ಟಿಂಗ್ಸ್‌ನಲ್ಲಿ ಹೆಜ್ಜೆಗೆ, ನಾಡಿಗೆ, ನಿದ್ದೆಗೆ ಪರ್ಮಿಷನ್ ಬೇರೆ ಬೇರೆಯಾಗಿ ಇರುತ್ತದೆ. ನಿದ್ದೆಯದ್ದನ್ನು ಮಾತ್ರ ಆಫ್ ಮಾಡಬಹುದು.